ಎಣ್ಣೆ ಹಚ್ಚೋದು ಕೂದಲಿಗೋ, ನೆತ್ತಿಗೋ?

ತಲೆಗೆ ಎಣ್ಣೆ ಹಚ್ಚೋದು ಒಳ್ಳೆಯದಾ ಕೆಟ್ಟದ್ದಾ ಎಂದು ಯಾರನ್ನಾದರೂ ಕೇಳಿ ನೋಡಿ. ಥಟ್ಟನೆ ಎರಡು ಗುಂಪು ಎದ್ದು ನಿಲ್ಲುತ್ತವೆ. ಒಂದು ಗುಂಪಿಗೆ ಎಣ್ಣೆಯೇ ಎಲ್ಲಕ್ಕೂ ಮದ್ದು. ಕೂದಲು ಉದುರಿದರೆ ಎಣ್ಣೆ, ನೆರೆತರೆ ಎಣ್ಣೆ, ಹೊಟ್ಟಾದರೆ ಎಣ್ಣೆ, ನಿದ್ದೆ ಬರದಿದ್ದರೂ ಎಣ್ಣೆ. ಇನ್ನೊಂದು ಗುಂಪು ಚರ್ಮದ ಡಾಕ್ಟರುಗಳ ವಿಡಿಯೋ ನೋಡಿಕೊಂಡು ಬಂದಿರುತ್ತದೆ. ಎಣ್ಣೆಯಿಂದ ನಯಾಪೈಸೆ ಉಪಯೋಗವಿಲ್ಲ, ಹೊಟ್ಟು ಜಾಸ್ತಿಯಾಗುತ್ತದೆ, ಇರೋ ನಾಲ್ಕು ಕೂದಲೂ ಹೋಗುತ್ತದೆ ಅನ್ನುತ್ತದೆ. ಇಬ್ಬರದ್ದೂ ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದೇ ಇಲ್ಲ.

ನನಗಂತೂ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಕಾಣುತ್ತದೆ. ಮೊದಲನೆಯವರು ಕೂದಲನ್ನು ನೋಡಿ ಮಾತಾಡುತ್ತಿದ್ದಾರೆ, ಎರಡನೆಯವರು ನೆತ್ತಿಯನ್ನು ನೋಡಿ. ಎರಡೂ ಒಂದೇ ತಲೆಯ ಮೇಲಿದ್ದರೂ ಒಂದು ಸತ್ತ ವಸ್ತು, ಇನ್ನೊಂದು ಜೀವ ಇರೋ ಚರ್ಮ. ಒಂದಕ್ಕೆ ಒಳ್ಳೆಯದಾಗುವುದು ಇನ್ನೊಂದಕ್ಕೆ ಒಳ್ಳೆಯದಾಗಲೇಬೇಕು ಅಂತ ಏನಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ತಲೆ ಬಾಚಿದ ಮೇಲೆ ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸುಮ್ನೆ ಉಂಡೆ ಸುತ್ತಿ ಎಸೆಯಬೇಡಿ. ಒಂದೊಂದಾಗಿ ಬಿಡಿಸಿ, ಬಣ್ಣದ ಬಟ್ಟೆಯ ಮೇಲೆ ಉದ್ದಕ್ಕೆ ಇಟ್ಟು, ಬೆಳಕಿರುವ ಕಡೆ ನೋಡಿ. ಕೆಲವು ಕೂದಲಿನ ಒಂದು ತುದಿಯಲ್ಲಿ ಗುಂಡುಸೂಜಿಯ ಮೊನೆಯಷ್ಟು ಚಿಕ್ಕ ಬಿಳಿ ಗಂಟು ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಎರಡು ಬೆರಳ ನಡುವೆ ಎಳೆದರೆ ಗೊತ್ತಾಗುತ್ತದೆ. ಇವು ಬುಡದಿಂದ ಉದುರಿದ ಕೂದಲು. ಇನ್ನು ಕೆಲವು ಗಿಡ್ಡ ಇರುತ್ತವೆ, ಯಾವ ತುದಿಯಲ್ಲೂ ಗಂಟಿರುವುದಿಲ್ಲ, ತುದಿ ಎರಡಾಗಿಯೋ ಮೂರಾಗಿಯೋ ಸೀಳಿರುತ್ತದೆ. ಅವು ಉದುರಿದ್ದಲ್ಲ, ನಡುವೆ ಮುರಿದದ್ದು. ನಾವು ಎರಡನ್ನೂ ಸೇರಿಸಿ ‘ಕೂದಲು ಉದುರುತ್ತಿದೆ’ ಎಂದು ಗೋಳಾಡುತ್ತೇವೆ. ಎಣ್ಣೆಗೆ ಕೈಲಾಗುವುದು ಎರಡನೆಯದರಲ್ಲಿ ಮಾತ್ರ.

ಮುರಿಯುವ ಕೂದಲಿನಿಂದಲೇ ಶುರು ಮಾಡೋಣ, ಎಣ್ಣೆಯ ನಿಜವಾದ ಕೆಲಸ ಇರೋದು ಅಲ್ಲೇ.

ಚರ್ಮದಿಂದ ಹೊರಗೆ ಬಂದ ಕೂದಲಿಗೆ ರಕ್ತವೂ ಇಲ್ಲ, ನರವೂ ಇಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ, ಉಗುರಿನ ಹಾಗೆಯೇ. ಕತ್ತರಿಸಿದರೆ ನೋಯುವುದಿಲ್ಲ, ಕೆಟ್ಟರೆ ತಾನಾಗಿ ವಾಸಿಯಾಗುವುದೂ ಇಲ್ಲ. ಸೀಳಿದ ತುದಿಯನ್ನು ಮತ್ತೆ ಕೂಡಿಸುವ ಎಣ್ಣೆ ಇನ್ನೂ ಹುಟ್ಟಿಲ್ಲ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಐದು ವರ್ಷದ ಶಾಂಪೂ, ಟವೆಲ್ಲಿನಲ್ಲಿ ಗಸಗಸ ಉಜ್ಜಿದ್ದು, ಸಿಕ್ಕು ಬಿಡಿಸಲು ಜಗ್ಗಿದ್ದು ಎಲ್ಲವನ್ನೂ ಅದು ತಿಂದಿದೆ. ಬುಡದ ಕೂದಲಿಗೆ ಇನ್ನೂ ಅದ್ಯಾವುದರ ಅನುಭವವಿಲ್ಲ. ಹೀಗಿದ್ದೂ ಜನ ಬೊಗಸೆಗಟ್ಟಲೆ ಎಣ್ಣೆಯನ್ನು ನೆತ್ತಿಗೆ ಸುರಿದುಕೊಂಡು ತುದಿಗೆ ಅಂಗೈಯಲ್ಲಿ ಉಳಿದದ್ದನ್ನು ಒರೆಸುತ್ತಾರೆ. ಉಲ್ಟಾ ಆಗಬೇಕಿತ್ತು.

ಕೂದಲಿನ ಮೇಲ್ಪದರ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಅರ್ಧ ಕೂತ ತೆಳು ಚಕ್ಕೆಗಳಿಂದ ಆಗಿದೆ. ಅದರ ಮೇಲೆ ನೀರನ್ನು ದೂರ ಇಡುವ ತೆಳುವಾದ ಕೊಬ್ಬಿನ ಪದರವೊಂದು ಹುಟ್ಟಿನಿಂದಲೇ ಇರುತ್ತದೆ. ಬ್ಲೀಚ್ ಮಾಡಿದರೆ, ಕಟು ಕೆಮಿಕಲ್ ಹಾಕಿ ನೇರ ಮಾಡಿಸಿದರೆ ಆ ಪದರ ಕಿತ್ತುಹೋಗುತ್ತದೆ. ಆಮೇಲೆ ಕೂದಲು ನೀರನ್ನು ಕುಡಿಯತೊಡಗುತ್ತದೆ. ಒದ್ದೆಯಾದಾಗ ಕೂದಲು ತನ್ನ ತೂಕದ ಸುಮಾರು 30% ನೀರನ್ನು ಹೀರಿಕೊಳ್ಳಬಲ್ಲದು, ಅದರ ದಪ್ಪವೂ ಸುಮಾರು 15% ಹೆಚ್ಚುತ್ತದೆ. ಒಣಗಿದಾಗ ಮತ್ತೆ ಕುಗ್ಗುತ್ತದೆ. ಪ್ರತಿ ಸಲ ತಲೆ ತೊಳೆದಾಗಲೂ ಹೀಗೆ ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ ಚಕ್ಕೆಗಳು ಎದ್ದು ನಿಲ್ಲುತ್ತವೆ, ಆಮೇಲೆ ಬಾಚಣಿಗೆ ತಗುಲಿ ಕಳಚಿ ಬೀಳುತ್ತವೆ. ಒದ್ದೆ ಕೂದಲನ್ನು ಬಾಚಿದರೆ ಜಾಸ್ತಿ ಮುರಿಯುವುದು ಇದಕ್ಕೇ.

ಕೊಬ್ಬರಿ ಎಣ್ಣೆ ತಡೆಯುವುದು ಈ ಉಬ್ಬುವಿಕೆಯನ್ನು. 2003ರಲ್ಲಿ ರೆಲೆ ಮತ್ತು ಮೊಹಿಲೆ ಎಂಬ ಇಬ್ಬರು ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ಬರುವ ಮಿನರಲ್ ಆಯಿಲ್, ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿ ನೋಡಿದರು. ಕೂದಲಿನಿಂದ ಎಷ್ಟು ಪ್ರೋಟೀನ್ ಕಳಚಿಹೋಗುತ್ತದೆ ಎಂದು ಅಳೆದರು. ಅದನ್ನು ಗಮನಕ್ಕೆ ಬರುವಷ್ಟು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ತೊಳೆಯುವ ಮೊದಲು ಹಚ್ಚಿದರೂ ಸರಿ, ತೊಳೆದ ಮೇಲೆ ಹಚ್ಚಿದರೂ ಸರಿ. ಕಾರಣ ಅದರೊಳಗಿನ ಲಾರಿಕ್ ಆಮ್ಲ. ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ಅರ್ಧದಷ್ಟು ಅದೇ. ಅದರ ಅಣು ಚಿಕ್ಕದು, ನೆಟ್ಟಗಿರುವುದು, ಕೂದಲಿನ ಪ್ರೋಟೀನಿಗೂ ಅದಕ್ಕೂ ಒಳ್ಳೆಯ ನಂಟು. ಹಾಗಾಗಿ ಅದು ಚಕ್ಕೆಗಳ ಸಂದಿನಿಂದ ಒಳಕ್ಕೆ ನುಗ್ಗಿ ನೀರು ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಸೂರ್ಯಕಾಂತಿ ಎಣ್ಣೆಯ ಅಣು ದೊಡ್ಡದು, ಅಲ್ಲಲ್ಲಿ ಬಾಗಿದ್ದು, ಅಷ್ಟು ಸಲೀಸಾಗಿ ಒಳಗೆ ಹೋಗುವುದಿಲ್ಲ. ಮಿನರಲ್ ಆಯಿಲ್‌ಗೆ ಪ್ರೋಟೀನಿನ ಸಹವಾಸವೇ ಬೇಡ, ಹೊರಗೇ ನಿಲ್ಲುತ್ತದೆ.

ಆ ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಮಾರಿಕೋದಲ್ಲಿ. ಕೊಬ್ಬರಿ ಎಣ್ಣೆ ಮಾರುವ ಕಂಪನಿ. ಮೊದಲ ಸಲ ಇದು ಗೊತ್ತಾದಾಗ ಯಾರಿಗಾದರೂ ಹುಬ್ಬು ಮೇಲೇರುತ್ತದೆ, ಏರಬೇಕು ಕೂಡ. ಆದರೆ ಈ ಫಲಿತಾಂಶಕ್ಕೆ ಅರ್ಥವಾಗುವ ಕಾರಣವಿದೆ, ಎಣ್ಣೆ ಕೂದಲಿನೊಳಗೆ ಎಷ್ಟು ದೂರ ಹೋಗಿದೆ ಎಂದು ಬೇರೆ ಬಗೆಯ ಯಂತ್ರದಲ್ಲೂ ನೋಡಿದ್ದಾರೆ. ಹಾಗಾಗಿ ಇಷ್ಟರ ಮಟ್ಟಿಗೆ ನಾನು ನಂಬುತ್ತೇನೆ. ಆ ಅಧ್ಯಯನದಲ್ಲಿ ಅಳೆದದ್ದು ಕೂದಲಿಗಾಗುವ ಹಾನಿಯನ್ನು. ಕೂದಲು ಬೆಳೆಯುತ್ತದೆ ಅಂತ ಅದರಲ್ಲಿ ಎಲ್ಲೂ ಇಲ್ಲ.

ಬೇರೆ ಎಣ್ಣೆಗಳೂ ದಂಡವಲ್ಲ. ಎಳ್ಳೆಣ್ಣೆ, ಬಾದಾಮಿ ಎಣ್ಣೆ, ಆಲಿವ್ ಎಣ್ಣೆ ಯಾವುದೇ ಇರಲಿ, ಕೂದಲ ಮೇಲೆ ನುಣ್ಣಗೆ ಕೂತು ತಿಕ್ಕಾಟ ಕಡಿಮೆ ಮಾಡುತ್ತದೆ. ಬಾಚಣಿಗೆ ಜಾರುತ್ತದೆ, ಸಿಕ್ಕು ಬೇಗ ಬಿಡುತ್ತದೆ, ಹೊಳಪು ಬರುತ್ತದೆ. ಕಂಡೀಷನರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಗುಂಗುರು ಕೂದಲಿನವರಿಗೆ ಇದರ ಲಾಭ ಜಾಸ್ತಿ. ನೆತ್ತಿಯಲ್ಲಿ ಚರ್ಮವೇ ಎಣ್ಣೆ ಸುರಿಸುತ್ತದೆ, ಸೀಬಂ ಅಂತಾರೆ. ನೇರ ಕೂದಲಿನಲ್ಲಿ ಅದು ಬುಡದಿಂದ ಕೆಳಕ್ಕೆ ಸರಾಗ ಹರಿಯುತ್ತದೆ. ಗುಂಗುರು ಕೂದಲಿನಲ್ಲಿ ತಿರುವುಗಳು ಎಷ್ಟೊಂದು ಅಂದರೆ ಅರ್ಧ ದಾರಿಯೂ ಹೋಗುವುದಿಲ್ಲ, ತುದಿ ಯಾವಾಗಲೂ ಒಣಕಲು. ಅಂಥವರು ‘ಎಣ್ಣೆ ಹಚ್ಚದಿದ್ದರೆ ನನ್ನ ಕೂದಲು ಪೊರಕೆ’ ಎಂದರೆ ಅದು ಭ್ರಮೆ ಅಲ್ಲ. ತೆಳ್ಳನೆಯ ನೇರ ಕೂದಲಿನವರು ‘ಎಣ್ಣೆ ಹಚ್ಚಿದರೆ ಅಂಟಿಕೊಂಡು ಇಲಿಬಾಲ ಆಗುತ್ತದೆ’ ಎಂದರೂ ಅಷ್ಟೇ ನಿಜ.

ಇನ್ನು ನೆತ್ತಿಯ ಕಡೆ ಬರೋಣ. ಜಗಳವೆಲ್ಲ ಇರುವುದೂ ಇಲ್ಲೇ.

‘ಬುಡಕ್ಕೆ ಪೋಷಣೆ’ ಅನ್ನೋ ಮಾತನ್ನು ಎಣ್ಣೆ ಮಾರುವವರೆಲ್ಲ ಹೇಳುತ್ತಾರೆ. ಗಿಡದ ಬುಡಕ್ಕೆ ಗೊಬ್ಬರ ಹಾಕಿದಂತೆ ಚಿತ್ರವನ್ನೂ ತೋರಿಸುತ್ತಾರೆ. ಕೂದಲಿನ ಬುಡ ಇರುವುದು ಚರ್ಮದ ಆಳದಲ್ಲಿ, ಅದಕ್ಕೆ ಊಟ ಬರುವುದು ರಕ್ತನಾಳದಿಂದ. ಮೇಲೆ ಹಚ್ಚಿದ ಎಣ್ಣೆಯನ್ನು ಅದು ಕುಡಿದು ದಪ್ಪಗಾಗುವುದಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ, ಥೈರಾಯ್ಡ್ ಏರುಪೇರಾಗಿ, ಡಯಟ್ ಎಂದು ಊಟ ಬಿಟ್ಟು ಕೂದಲು ಉದುರುತ್ತಿರುವಾಗ ಎಣ್ಣೆ ಬಾಟಲಿ ಬದಲಾಯಿಸುತ್ತಾ ಕೂರುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂತೆ. ಆಗ ಬೇಕಾಗಿರುವುದು ರಕ್ತಪರೀಕ್ಷೆ.

ಗಂಡಸರ ಹಣೆ ಮೇಲಕ್ಕೆ ಸರಿಯುವುದು, ಹೆಂಗಸರ ಬೈತಲೆ ಅಗಲವಾಗುತ್ತಾ ಹೋಗುವುದು ಬಹುಮಟ್ಟಿಗೆ ವಂಶದಿಂದ ಬಂದದ್ದು. ಗಂಡಸರಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿಗೆ ಕೆಲವು ಬುಡಗಳು ಸೂಕ್ಷ್ಮವಾಗಿರುತ್ತವೆ, ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಕೊನೆಗೆ ಕಂಡೂ ಕಾಣದಂಥ ನಯವಾದ ರೋಮ ಮಾತ್ರ ಬಿಡುತ್ತವೆ. ಈ ಸರಪಳಿಯನ್ನು ಅಡುಗೆಮನೆಯ ಎಣ್ಣೆ ಯಾವ ಕಡೆಯೂ ತುಂಡರಿಸುವುದಿಲ್ಲ.

‘ಹಾಗಾದರೆ ರೋಸ್‌ಮೆರಿ ಗಿಡದ ಎಣ್ಣೆ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರ ಹಿಂದೆ ನಿಜವಾಗಿಯೂ ಒಂದು ಅಧ್ಯಯನವಿದೆ. 2015ರಲ್ಲಿ ಇರಾನಿನಲ್ಲಿ ನಡೆದದ್ದು. ವಂಶದಿಂದ ಬಂದ ಕೂದಲುದುರುವಿಕೆ ಇದ್ದ 100 ಜನರಲ್ಲಿ ಅರ್ಧ ಜನಕ್ಕೆ ರೋಸ್‌ಮೆರಿ ಎಣ್ಣೆ, ಅರ್ಧ ಜನಕ್ಕೆ ಕೂದಲುದುರುವುದಕ್ಕೆಂದು ನೆತ್ತಿಗೆ ಹಚ್ಚುವ ಔಷಧಿಯಾದ ಮಿನಾಕ್ಸಿಡಿಲ್ (2%) ಕೊಟ್ಟು ಆರು ತಿಂಗಳು ನೋಡಿದರು. ಮೂರನೇ ತಿಂಗಳಿಗೆ ಎರಡೂ ಗುಂಪಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆರನೇ ತಿಂಗಳಿಗೆ ಎರಡರಲ್ಲೂ ಕೂದಲ ಸಂಖ್ಯೆ ಸ್ವಲ್ಪ ಹೆಚ್ಚಿತು, ಎರಡೂ ಸರಿಸಮ. ಇದನ್ನೇ ಹಿಡಿದುಕೊಂಡು ‘ರೋಸ್‌ಮೆರಿ ಮಿನಾಕ್ಸಿಡಿಲ್‌ನಷ್ಟೇ ಒಳ್ಳೆಯದು’ ಎಂಬ ಮಾತು ಇಂಟರ್ನೆಟ್ ತುಂಬಾ ಓಡಾಡುತ್ತಿದೆ. ಅದರಲ್ಲಿ ಏನೂ ಹಚ್ಚದ, ಅಥವಾ ಬರೀ ಸಪ್ಪೆ ಎಣ್ಣೆ ಹಚ್ಚಿದ ಗುಂಪು ಇರಲಿಲ್ಲ. ಗಂಡಸರಿಗೆ ಸಾಮಾನ್ಯವಾಗಿ ಕೊಡುವ ಮಿನಾಕ್ಸಿಡಿಲ್ 5%, ಅಲ್ಲಿ ಕೊಟ್ಟದ್ದು 2%. ಕುಂಟುವ ಕುದುರೆಯ ಜೊತೆ ಓಡಿ ಗೆದ್ದೆ ಅಂತಲ್ಲ, ಸಮ ಬಂದೆ ಅನ್ನೋ ಥರ. ನಾನು ರೋಸ್‌ಮೆರಿ ಕೆಲಸ ಮಾಡುವುದಿಲ್ಲ ಅನ್ನುತ್ತಿಲ್ಲ, ಒಂದೇ ಅಧ್ಯಯನದ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಬೇಡಿ ಅನ್ನುತ್ತಿದ್ದೇನೆ.

ಇದಕ್ಕಿಂತ ಗಟ್ಟಿಯಾದದ್ದು 1998ರ ಸ್ಕಾಟ್ಲೆಂಡಿನ ಅಧ್ಯಯನ. ಅದು ಬೇರೆಯೇ ಕಾಯಿಲೆಯದ್ದು. ತಲೆಯಲ್ಲಿ ನಾಣ್ಯದಗಲ ದುಂಡಗೆ ಬೋಳಾಗುತ್ತದಲ್ಲ, ಅಲೋಪೇಸಿಯಾ ಏರಿಯಾಟಾ, ಅದು. 86 ಜನರಲ್ಲಿ ಒಂದು ಗುಂಪಿಗೆ ಥೈಮ್, ರೋಸ್‌ಮೆರಿ, ಲ್ಯಾವೆಂಡರ್, ಸೀಡರ್ ಮರದ ಸುಗಂಧ ತೈಲಗಳನ್ನು ಸಾದಾ ಎಣ್ಣೆಯಲ್ಲಿ ಬೆರೆಸಿ ಕೊಟ್ಟರು. ಇನ್ನೊಂದಕ್ಕೆ ಬರೀ ಆ ಸಾದಾ ಎಣ್ಣೆ. ಏಳು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ 44% ಜನಕ್ಕೆ ಸುಧಾರಿಸಿತ್ತು, ಎರಡನೆಯದರಲ್ಲಿ 15% ಜನಕ್ಕೆ. ಏನನ್ನೂ ಬೆರೆಸದ ಎಣ್ಣೆ ತಿಕ್ಕಿಕೊಂಡವರಲ್ಲೂ ನೂರಕ್ಕೆ ಹದಿನೈದು ಜನಕ್ಕೆ ಕೂದಲು ಬಂತು. ಈ ಕಾಯಿಲೆ ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ. ಅಂಥವರು ಯಾವ ಬಾಟಲಿ ಕೈಯಲ್ಲಿ ಹಿಡಿದಿರುತ್ತಾರೋ ಅದಕ್ಕೆ ಹಾರ ಬೀಳುತ್ತದೆ.

ಈ ಹಾರ ಬೀಳುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಣ್ಣೆಯ ಮೇಲಿನ ನಂಬಿಕೆಯೂ ಭಯವೂ ಎರಡೂ ಇಲ್ಲಿಂದಲೇ ಬರುತ್ತವೆ ಅಂತ ನನ್ನ ಲೆಕ್ಕ.

ಒಂದು ಕೂದಲು ಕೆಲವು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನೆ ಕೂರುತ್ತದೆ, ಕೊನೆಗೆ ಉದುರುತ್ತದೆ. ತಲೆಯಲ್ಲಿ ಒಂದು ಲಕ್ಷದ ಆಸುಪಾಸು ಕೂದಲಿರುವಾಗ ದಿನಕ್ಕೆ 50ರಿಂದ 100 ಉದುರುವುದು ತೀರಾ ಮಾಮೂಲು. ಆದರೆ ಜೋರು ಜ್ವರ ಬಂದರೆ, ಹೆರಿಗೆಯಾದರೆ, ಆಪರೇಷನ್ ಆದರೆ, ಒಂದೇ ಸಮನೆ ತೂಕ ಇಳಿಸಿದರೆ ಒಟ್ಟಿಗೇ ತುಂಬಾ ಕೂದಲು ‘ಸುಮ್ಮನೆ ಕೂರುವ’ ಹಂತಕ್ಕೆ ಹೋಗಿಬಿಡುತ್ತವೆ. ಆಗ ತಕ್ಷಣ ಏನೂ ಗೊತ್ತಾಗುವುದಿಲ್ಲ. ಎರಡು ಮೂರು ತಿಂಗಳಾದ ಮೇಲೆ, ಜ್ವರ ಬಂದದ್ದೇ ಮರೆತುಹೋದ ಹೊತ್ತಿಗೆ, ಗೊಂಚಲು ಗೊಂಚಲಾಗಿ ಉದುರಲು ಶುರುವಾಗುತ್ತದೆ. ಬಚ್ಚಲ ಜಾಲರಿ ಕಟ್ಟಿಕೊಳ್ಳುತ್ತದೆ, ಎದೆ ಧಸಕ್ ಅನ್ನುತ್ತದೆ. ಯಾರೋ ಒಂದು ಎಣ್ಣೆ ಹೇಳುತ್ತಾರೆ. ಶ್ರದ್ಧೆಯಿಂದ ಹಚ್ಚುತ್ತೀರಿ. ನಾಲ್ಕಾರು ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ, ಹಣೆಯಂಚಿನಲ್ಲಿ ಗಿಡ್ಡ ಗಿಡ್ಡ ಹೊಸ ಕೂದಲು ನೆಟ್ಟಗೆ ಎದ್ದಿರುತ್ತದೆ. ಎಣ್ಣೆ ಗೆದ್ದಿತು! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಎಣ್ಣೆ ಹಚ್ಚದಿದ್ದರೂ ಬಹಳಷ್ಟು ಜನಕ್ಕೆ ಅದು ನಿಲ್ಲುತ್ತಿತ್ತು.

ಬೈಗುಳವೂ ಹೀಗೇ ಅನ್ಯಾಯದ್ದು. ಉದುರಲು ತಯಾರಾಗಿ ಕೂತ ಕೂದಲು ತಲೆ ತಿಕ್ಕಿದಾಗ ಕೈಗೆ ಬರುತ್ತದೆ. ತಿಕ್ಕದಿದ್ದರೆ ನಾಳೆಯೋ ನಾಡಿದ್ದೋ ದಿಂಬಿನ ಮೇಲೆ ಬೀಳುತ್ತಿತ್ತು. ವಾರಕ್ಕೊಮ್ಮೆ ಎಣ್ಣೆ ಹಚ್ಚುವವರಿಗೆ ವಾರದ ಬಾಕಿಯೆಲ್ಲ ಒಂದೇ ದಿನ ಅಂಗೈಯಲ್ಲಿ ಕಾಣುತ್ತದೆ. ‘ಎಣ್ಣೆ ಹಚ್ಚಿದ ದಿನವೇ ಜಾಸ್ತಿ ಉದುರುತ್ತದೆ’ ಅನ್ನುವುದು ಕಣ್ಣಿಗೆ ಕಂಡ ಮಟ್ಟಿಗೆ ನಿಜ. ತಪ್ಪು ಮಾತ್ರ ಎಣ್ಣೆಯದ್ದಲ್ಲ.

ತಿಕ್ಕುವುದರಿಂದ ಏನಾದರೂ ಲಾಭ ಇದೆಯಾ? ಜಪಾನಿನಲ್ಲಿ 2016ರಲ್ಲಿ 9 ಗಂಡಸರಿಗೆ ದಿನಕ್ಕೆ 4 ನಿಮಿಷ, 24 ವಾರ ಯಂತ್ರದಿಂದ ನೆತ್ತಿ ತಿಕ್ಕಿಸಿ ನೋಡಿದ್ದಾರೆ. ಕೂದಲಿನ ದಪ್ಪ ಸ್ವಲ್ಪ ಹೆಚ್ಚಿತಂತೆ. ಒಂಬತ್ತೇ ಜನ, ಅದನ್ನು ಹಿಡಿದುಕೊಂಡು ಏನೂ ಹೇಳಲಾಗದು. ಆದರೂ ತಲೆ ತಿಕ್ಕಿಸಿಕೊಂಡರೆ ಸಿಗುವ ಹಾಯಿಗೆ ಅಧ್ಯಯನ ಯಾಕೆ ಬೇಕು, ಅಲ್ವಾ? ಉಗುರು ತಾಗಿಸದೆ, ಬೆರಳ ತುದಿಯಿಂದ, ಮೆಲ್ಲಗೆ ತಿಕ್ಕಿಕೊಳ್ಳಿ.

ನಿಜವಾಗಿ ಕೆಡುಕಾಗುವುದು ಹೊಟ್ಟು ಇರುವವರಿಗೆ. ಇಲ್ಲಿ ನಾನು ಎರಡನೇ ಗುಂಪಿನ ಪಕ್ಷ. ಹೊಟ್ಟು ಎಂದರೆ ಒಣಚರ್ಮ, ಅದಕ್ಕೆ ಎಣ್ಣೆ ಹಾಕಿದರೆ ಹೋಗುತ್ತದೆ ಎಂದು ಜನ ತಿಳಿಯುತ್ತಾರೆ. ಬಹಳ ಸಲ ಅದು ಒಣಗಿದ್ದಲ್ಲ, ಜಿಡ್ಡಿನದ್ದೇ ಕಾಟ. ಎಲ್ಲರ ನೆತ್ತಿಯ ಮೇಲೂ ಮಲಸ್ಸೀಜಿಯಾ ಎಂಬ ಶಿಲೀಂಧ್ರ ಇರುತ್ತದೆ. ಅದು ಬದುಕುವುದು ಕೊಬ್ಬನ್ನು ತಿಂದು. ನೆತ್ತಿಯ ಜಿಡ್ಡನ್ನು ಒಡೆದು, ತನಗೆ ಬೇಕಾದ್ದನ್ನು ತಿಂದು, ಓಲಿಕ್ ಆಮ್ಲದಂಥದ್ದನ್ನು ಬಿಡುತ್ತದೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ, ತುರಿಕೆ ಶುರು, ಚರ್ಮ ಅವಸರವಸರವಾಗಿ ಪದರ ಉದುರಿಸತೊಡಗುತ್ತದೆ. ಆಲಿವ್ ಎಣ್ಣೆಯ ಮುಕ್ಕಾಲು ಭಾಗದಷ್ಟು ಅದೇ ಓಲಿಕ್ ಆಮ್ಲ! ಹೊಟ್ಟಿನ ತಲೆಗೆ ರಾತ್ರಿಯಿಡೀ ಎಣ್ಣೆ ಹಾಕಿಡುವುದೆಂದರೆ ಆ ಶಿಲೀಂಧ್ರಕ್ಕೆ ಎಲೆ ಹಾಕಿ ಬಡಿಸಿದಂತೆ. ಮೋಸ ಎಲ್ಲಿದೆ ಅಂದರೆ, ಎಣ್ಣೆ ಹಚ್ಚಿದ ತಕ್ಷಣ ಬಿಳಿ ಪುಡಿ ನೆಂದು ಅಂಟಿಕೊಂಡು ಕಾಣದಾಗುತ್ತದೆ. ಕಡಿಮೆಯಾಯಿತು ಅನ್ನಿಸುತ್ತದೆ. ಎರಡು ದಿನ ಬಿಟ್ಟು ನೋಡಿ. ಹೊಟ್ಟಿಗೆ ಕೀಟೋಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂ ಹಾಕಿ ಐದು ನಿಮಿಷ ಬಿಟ್ಟು ತೊಳೆದರೆ ಆಗುವ ಕೆಲಸ ಯಾವ ಎಣ್ಣೆಯಿಂದಲೂ ಆಗುವುದಿಲ್ಲ. ಅದರಲ್ಲೂ ಬಗ್ಗದೆ, ನೆತ್ತಿ ಕೆಂಪಾಗಿ, ದಪ್ಪ ಹೊಪ್ಪಳೆ ಏಳುತ್ತಿದ್ದರೆ ಡಾಕ್ಟರಿಗೇ ತೋರಿಸಬೇಕು.

ಹಣೆಯ ಮೇಲೆ, ಕೂದಲಿನ ಅಂಚಿನಲ್ಲೇ ಸಾಲಾಗಿ ಸಣ್ಣ ಸಣ್ಣ ಗುಳ್ಳೆ ಏಳುವುದೂ ಎಣ್ಣೆಯ ಕೊಡುಗೆ. ತಲೆಗೆ ಹಾಕುವ ಜಿಡ್ಡಿನಿಂದ ಬರುವ ಮೊಡವೆಯನ್ನು ಚರ್ಮವೈದ್ಯರು 1970ರಲ್ಲೇ ಗುರುತಿಸಿ ಹೆಸರು ಕೊಟ್ಟಿದ್ದಾರೆ. ಮುಖದ ಕ್ರೀಮು ಐದು ಸಲ ಬದಲಾಯಿಸುವ ಮೊದಲು ತಲೆಯ ಎಣ್ಣೆ ಎರಡು ತಿಂಗಳು ನಿಲ್ಲಿಸಿ ನೋಡುವುದು ವಾಸಿ.

ಹರಳೆಣ್ಣೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದರಷ್ಟು ಮಂದದ ಎಣ್ಣೆ ಇನ್ನೊಂದಿಲ್ಲ. ಹುಬ್ಬಿಗೆ ಹಚ್ಚಿದರೆ ದಟ್ಟವಾಗಿ ಬರುತ್ತದೆ, ತಲೆಗೆ ಹಚ್ಚಿದರೆ ಹುಲುಸಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಯಾವುದೂ ಇಲ್ಲ. ಅದು ಕೂದಲಿಗೆ ಲೇಪವಾಗಿ ಕೂತಾಗ ಒಂದೊಂದು ಎಳೆಯೂ ದಪ್ಪ ಕಾಣುತ್ತದೆ, ತೊಳೆದರೆ ಮೊದಲಿನಂತೆಯೇ. 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವರದಿ ಇದು: ಉದ್ದ ಕೂದಲಿನ ಇಪ್ಪತ್ತು ವರ್ಷದ ಯುವತಿಯೊಬ್ಬಳು ಕೊಬ್ಬರಿ ಎಣ್ಣೆ, ಹರಳೆಣ್ಣೆ ಎರಡೂ ಹಚ್ಚಿ ತಲೆಗೆ ನೀರು ಹಾಕಿಕೊಂಡಳು. ಕೂದಲೆಲ್ಲ ಒಂದಕ್ಕೊಂದು ಹೆಣೆದುಕೊಂಡು ಕಲ್ಲಿನಂಥ ಗಂಟಾಯಿತು. ಎಷ್ಟು ತೊಳೆದರೂ ಬಿಡಲಿಲ್ಲ, ಕತ್ತರಿಸಬೇಕಾಯಿತು. ಇದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಉದ್ದ ಕೂದಲಿಗೆ ಮಂದ ಎಣ್ಣೆ ಸುರಿದು, ಎಲ್ಲವನ್ನೂ ನೆತ್ತಿಯ ಮೇಲೆ ಗುಡ್ಡೆ ಹಾಕಿ ಗಸಗಸ ತಿಕ್ಕಿ ತೊಳೆಯುವ ಅಭ್ಯಾಸ ಇದ್ದವರು ಬಿಟ್ಟರೆ ಒಳ್ಳೆಯದು. ಸುಗಂಧ ತೈಲಗಳನ್ನಂತೂ ನೇರವಾಗಿ ನೆತ್ತಿಗೆ ಹಾಕಲೇಬಾರದು. ಟೀ ಟ್ರೀ ಎಣ್ಣೆ ಹಳೆಯದಾದಷ್ಟೂ ಅಲರ್ಜಿ ಮಾಡುವುದು ಜಾಸ್ತಿ. ಚುರುಚುರು ಅಂದರೆ ಕೆಲಸ ಮಾಡುತ್ತಿದೆ ಎಂದುಕೊಳ್ಳುವವರಿದ್ದಾರೆ. ಚರ್ಮ ಸುಡುತ್ತಿದೆ ಅಂತ ಅರ್ಥ.

ನಾನು ಎಣ್ಣೆ ಬಿಟ್ಟವಳಲ್ಲ. ತಲೆ ತೊಳೆಯುವುದಕ್ಕೆ ಒಂದೆರಡು ಗಂಟೆ ಮುಂಚೆ ಸ್ವಲ್ಪ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ, ಕಿವಿಯ ಮಟ್ಟದಿಂದ ಕೆಳಕ್ಕೆ, ತುದಿಗೆ ಸ್ವಲ್ಪ ಧಾರಾಳವಾಗಿ ಸವರುತ್ತೇನೆ. ನೆತ್ತಿಯ ತಂಟೆಗೆ ಹೋಗುವುದಿಲ್ಲ, ಅದು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ. ತೊಳೆಯುವಾಗ ಶಾಂಪೂ ನೆತ್ತಿಗೆ ಮಾತ್ರ. ತುದಿಗೆ ಇಳಿದು ಬರುವ ನೊರೆಯೇ ಸಾಕು. ಎಣ್ಣೆ ಜಾಸ್ತಿ ಹಾಕಿದರೆ ಅದನ್ನು ತೆಗೆಯಲು ಎರಡೆರಡು ಸಲ ಶಾಂಪೂ ಹಾಕಬೇಕಾಗುತ್ತದೆ, ಆಗ ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚಾಗುತ್ತದೆ. ಎಣ್ಣೆಯ ವಾಸನೆಯೇ ಆಗದವರು ಇದನ್ನೆಲ್ಲ ಬಿಟ್ಟು ಒಳ್ಳೆಯ ಕಂಡೀಷನರ್ ಹಚ್ಚಿದರೂ ಕೂದಲು ಮುನಿಸಿಕೊಳ್ಳುವುದಿಲ್ಲ.

ಕೊಳ್ಳುವಾಗ ಬಾಟಲಿಯ ಮುಂಭಾಗ ಬಿಟ್ಟು ಹಿಂಭಾಗ ಓದಿ. ಮುಂದೆ ಬಾದಾಮಿ, ಬ್ರಾಹ್ಮಿ, ನೆಲ್ಲಿಕಾಯಿ ಚಿತ್ರ ಇರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ, ಸಾಮಗ್ರಿಗಳ ಪಟ್ಟಿಯ ಮೊದಲ ಹೆಸರೇ ಎಷ್ಟೋ ಸಲ ‘ಲೈಟ್ ಲಿಕ್ವಿಡ್ ಪ್ಯಾರಾಫಿನ್’. ಅದು ಮಿನರಲ್ ಆಯಿಲ್. ವಿಷವೇನಲ್ಲ, ಸಿಕ್ಕು ಬಿಡಿಸಲು ಚೆನ್ನಾಗಿಯೇ ಇದೆ, ಕೂದಲೊಳಗೆ ಮಾತ್ರ ಹೋಗುವುದಿಲ್ಲ. ನೀವು ದುಡ್ಡು ಕೊಟ್ಟದ್ದು ಬಾದಾಮಿಗೆ. ಇನ್ನು ಅಪ್ಪಟ ಎಣ್ಣೆಯೇ ಕೊಂಡರೆ ಚಿಕ್ಕ ಬಾಟಲಿ ಕೊಳ್ಳಿ, ಬಿಸಿಲು ಬೀಳದ ಕಡೆ ಇಡಿ, ಕನರು ವಾಸನೆ ಬಂದ ಮೇಲೆ ‘ದುಡ್ಡು ಕೊಟ್ಟದ್ದಲ್ವಾ’ ಎಂದು ತಲೆಗೆ ಹಚ್ಚಬೇಡಿ.